ತಪ್ಪಿಸಿಕೊಂಡ ಗಾಮಾ ಕಿರಣದ ಲೆಕ್ಕ

ಮೈಯೊಳಗೆ ಕ್ಯಾನ್ಸರ್ ಎಲ್ಲಿದೆ ಅಂತ ಚಿತ್ರ ತೆಗೆದು ತೋರಿಸುವ ಪೆಟ್ ಸ್ಕ್ಯಾನರ್ ಬಗ್ಗೆ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು, ಎಷ್ಟು ಚಿಕ್ಕ ಗೆಡ್ಡೆ ಕಾಣಿಸುತ್ತೆ ಅಂತ. ಸರಿಯಾದ ಪ್ರಶ್ನೆಯೇ. ಆದರೆ ಕಿರಣ ಹಿಡಿಯುವ ಡಿಟೆಕ್ಟರ್ ಕಟ್ಟುವ ನಮ್ಮಂಥವರಿಗೆ ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇರುತ್ತದೆ. ರೋಗಿಯ ಮೈಯಿಂದ ಹೊರಟ ಗಾಮಾ ಕಿರಣಗಳಲ್ಲಿ ನಾವು ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು? ಬಿಟ್ಟ ಪ್ರತಿ ಕಿರಣಕ್ಕೂ ರೋಗಿಯ ಮೈ ವಿಕಿರಣ ತಿಂದಾಗಿದೆ. ಚಿತ್ರಕ್ಕೆ ಮಾತ್ರ ಅದರಿಂದ ಏನೂ ಸಿಕ್ಕಿಲ್ಲ.

ಪೆಟ್ ಹೇಗೆ ನಡೆಯುತ್ತದೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ವಿಕಿರಣಶೀಲ ಫ್ಲೋರಿನ್-18 ಸೇರಿಸಿದ ಸಕ್ಕರೆಯಂಥ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಈ ಫ್ಲೋರಿನ್‌ನ ಅರ್ಧಾಯುಷ್ಯ ಸುಮಾರು 110 ನಿಮಿಷ. ಸಕ್ಕರೆಗೆ ಹಸಿದ ಕ್ಯಾನ್ಸರ್ ಜೀವಕೋಶಗಳು ಅದನ್ನು ಜಾಸ್ತಿ ಎಳೆದುಕೊಳ್ಳುತ್ತವೆ. ಫ್ಲೋರಿನ್ ಒಡೆದಾಗ ಎಲೆಕ್ಟ್ರಾನ್‌ನ ಪ್ರತಿಕಣವಾದ ಪಾಸಿಟ್ರಾನ್ ಹೊರಬರುತ್ತದೆ. ಅದು ಸಾಮಾನ್ಯವಾಗಿ ಮೈಯೊಳಗೆ ಒಂದು ಮಿಲಿಮೀಟರ್‌ನಷ್ಟೂ ಹೋಗದೆ ಯಾವುದೋ ಎಲೆಕ್ಟ್ರಾನ್ ಜೊತೆ ಕೂಡಿ ಇಲ್ಲವಾಗುತ್ತದೆ. ಆಗ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಎರಡರ ಶಕ್ತಿಯೂ 511 ಕಿಲೋ ಎಲೆಕ್ಟ್ರಾನ್ ವೋಲ್ಟ್. ಸುತ್ತ ಇರುವ ಡಿಟೆಕ್ಟರ್ ಬಳೆಯಲ್ಲಿ ಈ ಕಡೆ ಒಂದು, ಆ ಕಡೆ ಒಂದು ಒಟ್ಟಿಗೇ ಸಿಕ್ಕರೆ, ಅವುಗಳ ನಡುವೆ ಒಂದು ಗೆರೆ ಎಳೆಯಬಹುದು. ಔಷಧ ಆ ಗೆರೆಯ ಮೇಲೆ ಎಲ್ಲೋ ಇತ್ತು. ಇಂಥ ಕೋಟಿಗಟ್ಟಲೆ ಗೆರೆಗಳಿಂದ ಚಿತ್ರ ಮೂಡುತ್ತದೆ.

ಎರಡೂ ಕಡೆ ಒಟ್ಟಿಗೆ ಸಿಕ್ಕರೆ ಮಾತ್ರ ಲೆಕ್ಕಕ್ಕೆ ತಗೊಳ್ಳುವ ಈ ಉಪಾಯ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಭೌತವಿಜ್ಞಾನದ ಪ್ರಯೋಗಗಳಲ್ಲಿ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಅದು ದುಡಿದಿದೆ. ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಎದುರುಬದುರು ನಿಲ್ಲಿಸಿದ ಪ್ಲಾಸ್ಟಿಕ್ ಸಿಂಟಿಲೇಟರ್ ಗೋಡೆಗಳು, ಅಂದರೆ ಕಣ ಹಾದಾಗ ಮಿನುಗುವಂಥವು, ನಡುವೆ ಕಣದ ಜಾಡು ತೋರಿಸುವ ನಿಯಾನ್ ಕೊಳವೆಗಳು. ಎರಡೂ ಗೋಡೆ ಒಟ್ಟಿಗೆ ಮಿನುಗಿದರೆ ಮಾತ್ರ ದಾಖಲೆ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣಗಳ ಗುರುತು 1965ರಲ್ಲಿ ಸಿಕ್ಕಿದ್ದು ಹೀಗೆ. ಮುಂಬೈನ ಟಿಐಎಫ್ಆರ್ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಸೇರಿ ಮಾಡಿದ ಕೆಲಸ ಅದು. ತಂಡದಲ್ಲಿದ್ದ ಬಿ. ವಿ. ಶ್ರೀಕಂಠನ್ ನಂಜನಗೂಡಿನವರು. ಅವರು ಕಾಯುತ್ತಿದ್ದದ್ದು ತೀರಾ ಅಪರೂಪದ ಕಣಗಳಿಗೆ, ನಮಗೆ ಸೆಕೆಂಡಿಗೆ ಲಕ್ಷಗಟ್ಟಲೆ ಬರುತ್ತವೆ. ಆದರೂ ಕಸದ ನಡುವೆ ಕಾಳು ಆರಿಸುವ ಬಗೆ ಒಂದೇ.

ಈಗ ಹರಳಿನ ವಿಷಯ. ನನ್ನ ಕೆಲಸದ ಬಹುಪಾಲು ಇಲ್ಲೇ ಕಳೆಯುತ್ತದೆ.

ಗಾಮಾ ಕಿರಣ ನೇರವಾಗಿ ಸಿಲಿಕಾನ್ ಚಿಪ್‌ಗೆ ಸಿಗುವುದು ಅಪರೂಪ. ಮೊದಲು ಅದನ್ನು ಒಂದು ಭಾರವಾದ ಹರಳು ತಡೆದು ಬೆಳಕಾಗಿ ಮಾರ್ಪಡಿಸಬೇಕು. ಈಗ ಹೆಚ್ಚಿನ ಪೆಟ್ ಸ್ಕ್ಯಾನರ್‌ಗಳಲ್ಲಿ ಇರುವುದು ಲ್ಯುಟೀಷಿಯಂ ಸೇರಿದ ಹರಳು, ಎಲ್ಎಸ್ಒ ಅಥವಾ ಅದರ ಹತ್ತಿರದ ನೆಂಟ. ಒಂದೊಂದು ಹರಳಿನ ಮುಖ ಮೂರು-ನಾಲ್ಕು ಮಿಲಿಮೀಟರ್, ಉದ್ದ ಸುಮಾರು 20 ಮಿಲಿಮೀಟರ್. ಬೆಂಕಿಪೊಟ್ಟಣದಲ್ಲಿ ಕಡ್ಡಿ ಜೋಡಿಸಿದ ಹಾಗೆ ಸಾವಿರಾರು ಹರಳುಗಳನ್ನು ಒತ್ತೊತ್ತಾಗಿ ಕೂರಿಸುತ್ತಾರೆ.

ಯಾಕೆ 20 ಮಿಲಿಮೀಟರ್? ಲೆಕ್ಕ ಹಾಕಿ ನೋಡಿ. 511ರ ಗಾಮಾ ಕಿರಣ ಈ ಹರಳಿನಲ್ಲಿ ಸರಾಸರಿ 11ರಿಂದ 12 ಮಿಲಿಮೀಟರ್ ಹೋಗುವಷ್ಟರಲ್ಲಿ ಎಲ್ಲಾದರೂ ಡಿಕ್ಕಿ ಹೊಡೆಯುತ್ತದೆ. 20 ಮಿಲಿಮೀಟರ್ ಉದ್ದ ಇದ್ದರೆ ನೂರರಲ್ಲಿ ಸುಮಾರು 82 ಕಿರಣಗಳು ಸಿಗುತ್ತವೆ. ಆದರೆ ನಮಗೆ ಬೇಕಾದ್ದು ಜೋಡಿ. ಎರಡೂ ಸಿಗುವ ಸಾಧ್ಯತೆ 82ರಲ್ಲಿ ಮತ್ತೆ ಶೇಕಡಾ 82, ಅಂದರೆ ನೂರರಲ್ಲಿ ಸುಮಾರು 67. ಹರಳನ್ನು ಅರ್ಧಕ್ಕೆ ಕತ್ತರಿಸಿ 10 ಮಿಲಿಮೀಟರ್ ಮಾಡಿದರೆ ಒಂದು ಕಿರಣಕ್ಕೆ 58, ಜೋಡಿಗೆ ಬರೀ 34. ಹರಳು ಅರ್ಧ ಆಯಿತು, ಸಿಗುವ ಜೋಡಿಯೂ ಅರ್ಧ ಆಯಿತು. ಹಳೆಯ ಸೋಡಿಯಂ ಅಯೋಡೈಡ್ ಹರಳು ಇನ್ನೂ ಹಗುರ. ಅದೇ 20 ಮಿಲಿಮೀಟರಿನಲ್ಲಿ ನೂರಕ್ಕೆ 25 ಜೋಡಿ ಸಿಕ್ಕರೆ ಹೆಚ್ಚು.

ಹಾಗಾದರೆ ಇನ್ನೂ ಉದ್ದ ಮಾಡಬಹುದಲ್ವಾ? ಮಾಡಬಹುದು, ಅದಕ್ಕೂ ಬೆಲೆ ಕಟ್ಟಬೇಕು. ಬಳೆಯ ಅಂಚಿನ ಕಡೆಯಿಂದ ಓರೆಯಾಗಿ ಬಂದ ಕಿರಣ ಒಂದು ಹರಳಿನ ಮೂಲೆ ಹೊಕ್ಕು, ಪಕ್ಕದ್ದರಲ್ಲೋ ಅದರಾಚೆಯದರಲ್ಲೋ ಹೋಗಿ ನಿಲ್ಲುತ್ತದೆ. ಗೆರೆ ತಪ್ಪುತ್ತದೆ, ಚಿತ್ರ ಮಸುಕಾಗುತ್ತದೆ. ಇದಕ್ಕೆ ಹರಳಿನ ಎರಡೂ ತುದಿಗೆ ಬೆಳಕು ಓದುವ ಚಿಪ್ ಹಾಕಿ, ಯಾವ ತುದಿಗೆ ಎಷ್ಟು ಬೆಳಕು ಬಂತು ಅಂತ ನೋಡಿ ಆಳ ಕಂಡುಹಿಡಿಯುತ್ತೇವೆ. ಚಿಪ್ ಎರಡು ಪಟ್ಟು, ತಂತಿ ಎರಡು ಪಟ್ಟು, ಬಿಸಿ ಎರಡು ಪಟ್ಟು. ಇಲಿಯ ಮೆದುಳು ಇರುವುದೇ ಒಂದೆರಡು ಸೆಂಟಿಮೀಟರ್, ಅಲ್ಲಿ ಒಂದು ಮಿಲಿಮೀಟರ್ ತಪ್ಪೂ ದೊಡ್ಡದು. ಅದಕ್ಕೇ ಇಲಿಗಾಗಿ ಕಟ್ಟುವ ಸ್ಕ್ಯಾನರ್‌ನಲ್ಲಿ ಈ ಖರ್ಚು ನ್ಯಾಯ. ಮನುಷ್ಯರ ಸ್ಕ್ಯಾನರ್‌ನಲ್ಲಿ ಎರಡು ಸಲ ಯೋಚಿಸಬೇಕು.

ಒಂದು ಹರಳನ್ನು ಪರೀಕ್ಷಿಸುವುದು ನೋಡಲು ಸರಳ. ಹರಳಿಗೆ ಬಿಳಿ ಟೆಫ್ಲಾನ್ ಪಟ್ಟಿಯನ್ನು ಪದರ ಪದರವಾಗಿ ಸುತ್ತಿ, ಒಂದು ಮುಖ ಮಾತ್ರ ತೆರೆದು ಬಿಡಬೇಕು. ಆ ಮುಖಕ್ಕೂ ಚಿಪ್‌ಗೂ ನಡುವೆ ಪಾರದರ್ಶಕ ಗ್ರೀಸ್. ಎದುರಿಗೆ ಪಾಸಿಟ್ರಾನ್ ಸೂಸುವ ಸೋಡಿಯಂ-22 ಮೂಲ. ಪರದೆಯ ಮೇಲಿನ ಶಕ್ತಿಯ ನಕ್ಷೆಯಲ್ಲಿ 511ರ ಜಾಗದಲ್ಲಿ ಒಂದು ಗುಡ್ಡ ಏಳುತ್ತದೆ. ಗ್ರೀಸ್‌ನಲ್ಲಿ ಒಂದೇ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಬೆಳಕು ಕಡಿಮೆಯಾಗಿ ಗುಡ್ಡ ಎಡಕ್ಕೆ ಜರುಗುತ್ತದೆ. ಮೂಲವನ್ನು ಪೂರ್ತಿ ತೆಗೆದರೂ ಎಲ್ಎಸ್ಒ ಹರಳು ಸುಮ್ನೆ ಇರುವುದಿಲ್ಲ. ಲ್ಯುಟೀಷಿಯಂನಲ್ಲಿ ಶೇಕಡಾ 2.6ರಷ್ಟು ಸಹಜವಾಗಿಯೇ ವಿಕಿರಣಶೀಲ. ಒಂದು ಘನ ಸೆಂಟಿಮೀಟರಿನಲ್ಲಿ ಸೆಕೆಂಡಿಗೆ ಸುಮಾರು 300 ಸಲ ಅದು ತಾನೇ ಮಿನುಗುತ್ತಿರುತ್ತದೆ.

ಸಿಲಿಕಾನ್ ಹಾಳೆಯಲ್ಲೇ ನೇರವಾಗಿ ಹಿಡಿಯಬಹುದಲ್ಲ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಜಿನೀವಾದ ಸರ್ನ್ ಎಂಬ ಕಣವಿಜ್ಞಾನ ಕೇಂದ್ರದಲ್ಲಿರುವ ಸಿಎಂಎಸ್ ಪ್ರಯೋಗಕ್ಕೆ ಭಾಬಾ ಅಣು ಸಂಶೋಧನಾ ಕೇಂದ್ರದ ಜೊತೆಗೂಡಿ ಬೆಂಗಳೂರಿನ ಬಿಇಎಲ್ ಸಾವಿರದಷ್ಟು ಸಿಲಿಕಾನ್ ಡಿಟೆಕ್ಟರ್ ಮಾಡಿಕೊಟ್ಟಿತು. ಒಂದೊಂದೂ 63 ಮಿಲಿಮೀಟರ್ ಚೌಕ, 32 ಪಟ್ಟಿಗಳು, ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗ. ವಿದ್ಯುದಂಶ ಇರುವ ಕಣ ಅದರಲ್ಲಿ ಹಾದರೆ ಗುರುತು ಬಿಟ್ಟೇ ಹೋಗುತ್ತದೆ. ಅದೇ ಹಾಳೆಗೆ 511ರ ಗಾಮಾ ಕಿರಣ ಬಿಟ್ಟರೆ ನೂರರಲ್ಲಿ ಒಂದು ಕೂಡ ಸಿಗುವುದು ಕಷ್ಟ. ಒಳ್ಳೆಯ ಡಿಟೆಕ್ಟರ್ ಅಂತ ಒಂದು ಬೇರೆಯಾಗಿ ಇಲ್ಲ. ಯಾವ ಕಣ, ಎಷ್ಟು ಶಕ್ತಿ ಅಂತ ಹೇಳಿದ ಮೇಲೇ ಒಳ್ಳೆಯದೋ ಕೆಟ್ಟದ್ದೋ ಹೇಳಬಹುದು.

ಗಿಡದ ಎಲೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕಾರ್ಬನ್-11 ಇರುವ ಇಂಗಾಲದ ಡೈಆಕ್ಸೈಡ್ ಕೊಟ್ಟು, ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿಯುವುದನ್ನು ಪೆಟ್‌ನಲ್ಲಿ ನೋಡಬಹುದು. ಬೇರಲ್ಲಿ, ಕಾಂಡದಲ್ಲಿ ಲೆಕ್ಕ ಸರಿ ಬರುತ್ತದೆ. ಎಲೆ ಮಾತ್ರ ಎಷ್ಟು ತೆಳು ಅಂದರೆ, ಪಾಸಿಟ್ರಾನ್ ಅದರೊಳಗೆ ನಿಲ್ಲದೆ ಹೊರಗೆ ಹಾರಿಬಿಡುತ್ತದೆ. ಎಲೆಯಲ್ಲಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅಲ್ಲಿ ಗಾಮಾ ಬಿಟ್ಟು, ಹಾರಿಹೋಗುವ ಪಾಸಿಟ್ರಾನನ್ನೇ ತೆಳು ಡಿಟೆಕ್ಟರ್‌ನಲ್ಲಿ ಹಿಡಿಯುವುದು ಜಾಣತನ.

ಇತ್ತೀಚಿನ ಸ್ಪರ್ಧೆ ಎಲ್ಲ ಸಮಯದ್ದು. ಎರಡು ಕಿರಣಗಳು ಬಂದ ಸಮಯದ ವ್ಯತ್ಯಾಸವನ್ನು 200 ಪಿಕೋಸೆಕೆಂಡ್‌ವರೆಗೆ (ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ ಒಂದು ಪಿಕೋಸೆಕೆಂಡ್) ಅಳೆದರೆ, ಗೆರೆಯ ಮೇಲೆ ಔಷಧ ಎಲ್ಲಿತ್ತು ಅಂತ 3 ಸೆಂಟಿಮೀಟರ್ ಅಳತೆಯೊಳಗೆ ಹೇಳಬಹುದು. ಚಿತ್ರದ ಗದ್ದಲ ಕಡಿಮೆಯಾಗುತ್ತದೆ, ಔಷಧವೂ ಕಡಿಮೆ ಸಾಕು. ಇದರಲ್ಲಿ ಎಲ್ಎಸ್ಒ ಗೆಲ್ಲುತ್ತದೆ. ಅದರ ಬೆಳಕು ಸುಮಾರು 40 ನ್ಯಾನೊಸೆಕೆಂಡಿನಲ್ಲಿ (ಒಂದು ನ್ಯಾನೊ ಅಂದರೆ ಸಾವಿರ ಪಿಕೋ) ಇಳಿಯುತ್ತದೆ. ಬಿಸ್ಮತ್‌ನಿಂದ ಮಾಡಿದ ಹಳೆಯ ಬಿಜಿಒ ಹರಳಿಗೆ 300 ಬೇಕು, ಬೆಳಕೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಲ್ಲ. ಹಾಗಾಗಿ ಬಿಜಿಒ ಕಾಲ ಮುಗಿಯಿತು ಅಂತ ತುಂಬಾ ಜನ ಬರೆದುಬಿಟ್ಟರು.

ನಾನು ಹಾಗೆ ಅಂದುಕೊಂಡಿಲ್ಲ. ಬಿಜಿಒ ಗಾಮಾ ಕಿರಣವನ್ನು ತಡೆಯುವುದರಲ್ಲಿ ಎಲ್ಎಸ್ಒಗಿಂತ ತುಸು ಮೇಲೇ ಇದೆ. ತಾನಾಗಿ ಮಿನುಗುವ ಕಾಟ ಇಲ್ಲ. ಬೆಲೆಯೂ ಕಡಿಮೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ತಂಡ ಕಟ್ಟಿದ ಎಕ್ಸ್‌ಪ್ಲೋರರ್ ಯಂತ್ರ 194 ಸೆಂಟಿಮೀಟರ್ ಉದ್ದ, ಇಡೀ ಮೈಯನ್ನು ಒಟ್ಟಿಗೇ ನೋಡುತ್ತದೆ. ಮನುಷ್ಯರ ಮೊದಲ ಚಿತ್ರಗಳು 2018ರಲ್ಲಿ ಬಂದವು. ಮಾಮೂಲಿ ಯಂತ್ರದ ಬಳೆ 20-25 ಸೆಂಟಿಮೀಟರ್. ಉಳಿದ ಮೈಯಿಂದ ಹೊರಟ ಕಿರಣಗಳೆಲ್ಲ ಆ ಹೊತ್ತಿಗೆ ಪೋಲು. ಉದ್ದ ಬಳೆ ಕಟ್ಟುವುದೇ ದೊಡ್ಡ ಗೆಲುವು, ಆದರೆ ಅಷ್ಟೂ ಜಾಗಕ್ಕೆ ಲ್ಯುಟೀಷಿಯಂ ತುಂಬಿಸಲು ನಮ್ಮ ಎಷ್ಟು ಆಸ್ಪತ್ರೆಗಳಿಗೆ ಆದೀತು? ಅದೇ ದುಡ್ಡಿಗೆ ಬಿಜಿಒದಲ್ಲಿ ಇನ್ನಷ್ಟು ಉದ್ದದ ಬಳೆ ಬರುತ್ತದೆ.

ಸಮಯದ ಕೊರತೆಗೂ ಒಂದು ದಾರಿ ಇದೆ. ಗಾಮಾ ಕಿರಣ ಬಿಜಿಒ ಒಳಗೆ ಒದ್ದು ಕಳಿಸಿದ ಎಲೆಕ್ಟ್ರಾನ್ ಹರಳಿನಲ್ಲಿ ಬೆಳಕಿಗಿಂತ ವೇಗವಾಗಿ ಓಡುತ್ತಾ ಚೆರೆಂಕೋವ್ ಬೆಳಕು ಸೂಸುತ್ತದೆ. ಒಂದು ಸಲಕ್ಕೆ ಹದಿನೈದಿಪ್ಪತ್ತು ಫೋಟಾನ್, ಅಂದರೆ ಬೆಳಕಿನ ಕಣ, ಅಷ್ಟೇ. ಅದರಲ್ಲಿ ಚಿಪ್‌ವರೆಗೆ ಬಂದು ಎಣಿಕೆಗೆ ಸಿಗುವುದು ಬೆರಳೆಣಿಕೆಯಷ್ಟು. ಆದರೆ ಅವು ತಕ್ಷಣ ಹುಟ್ಟುತ್ತವೆ, 300 ನ್ಯಾನೊಸೆಕೆಂಡ್ ಕಾಯಿಸುವುದಿಲ್ಲ. ಅವುಗಳಲ್ಲಿ ಮೊದಲು ಬಂದದ್ದನ್ನು ಹಿಡಿದು ಹೊತ್ತು ಗುರುತು ಹಾಕಿಕೊಂಡು, ನಿಧಾನವಾಗಿ ಬರುವ ಮಾಮೂಲಿ ಬೆಳಕಿನಿಂದ ಶಕ್ತಿ ಅಳೆಯಬೇಕು. ಒಂದೊಂದೇ ಫೋಟಾನ್ ಗುರುತಿಸುವ ಸಿಲಿಕಾನ್ ಚಿಪ್‌ಗಳು ಬಂದಿದ್ದರಿಂದ ಇದು ಕೈಗೆಟುಕಿದೆ. ಮೇಜಿನ ಮೇಲೆ ಒಂದೆರಡು ಹರಳಿನಲ್ಲಿ ನಡೆಯುತ್ತದೆ. ಸಾವಿರಾರು ಹರಳುಗಳಲ್ಲಿ, ಚಿಪ್ ಬಿಸಿಯೇರದ ಹಾಗೆ ನಡೆಸುವ ಎಲೆಕ್ಟ್ರಾನಿಕ್ಸ್ ಮಾಡುವುದು ಈಗಿನ ಕೆಲಸ.