ಹೊಸ ಬಣ್ಣದ ಹಳೆಯ ಪಿಕಪ್: ಒಳಗೆ ಕೆಲಸ ಆಗಿದೆಯೋ ಇಲ್ಲವೋ?

ಪ್ರಶ್ನೆ: 1951ರ ಷೆವರ್ಲೆ 3100 ಪಿಕಪ್ ಟ್ರಕ್ ಒಂದು ಮಾರಾಟಕ್ಕಿದೆ. ‘ನಟ್ಟು ಬೋಲ್ಟು ಸಮೇತ ಬಿಚ್ಚಿ ರಿಸ್ಟೋರ್ ಮಾಡಿದ್ದೇವೆ’ ಎನ್ನುತ್ತಾರೆ ಮಾರುವವರು. ನೋಡಿದರೆ ಕಣ್ಣು ಕೋರೈಸುತ್ತದೆ. ನಿಜಕ್ಕೂ ಕೆಲಸ ಆಗಿದೆಯೋ, ಬರೀ ಬಣ್ಣ ಹೊಡೆಸಿದ್ದಾರೋ ಎಂದು ಮೆಕ್ಯಾನಿಕ್ ಅಲ್ಲದ ನಾನು ತಿಳಿಯುವುದು ಹೇಗೆ?

ಉತ್ತರ: ಗಾಡಿ ನೋಡಲು ಹೊರಡುವ ಮೊದಲೇ ಒಂದು ಮಾತು ಕೇಳಿಬಿಡಿ. ಬಣ್ಣಕ್ಕೆ ಮುಂಚಿನ ಫೋಟೊಗಳಿವೆಯೇ? ಹಳೆಯ ಟ್ರಕ್ಕನ್ನು ಪೂರ್ತಿ ಬಿಚ್ಚಿದವರು ಫೋಟೊ ತೆಗೆಯದೆ ಬಿಡುವುದು ಅಪರೂಪ. ಯಾವ ತಂತಿ ಎಲ್ಲಿಗೆ ಹೋಗುತ್ತಿತ್ತು, ಯಾವ ಬೋಲ್ಟು ಎಲ್ಲಿಯದು ಎಂಬ ನೆನಪಿಗಾದರೂ ತೆಗೆದಿಟ್ಟಿರುತ್ತಾರೆ. ಕ್ಯಾಬು ಇಳಿಸಿದ ಮೇಲೆ ಬೋಳಾಗಿ ನಿಂತ ಚಾಸಿ, ಬಣ್ಣ ಕೆರೆದು ಬರಿ ತಗಡಾದ ಬಾಗಿಲು, ಬಿಚ್ಚಿಟ್ಟ ಎಂಜಿನ್ ಇವುಗಳ ಚಿತ್ರ ಕಂಡರೆ ಅರ್ಧ ಉತ್ತರ ಸಿಕ್ಕಿತು ಎನ್ನಿ. ತೋರಿಸುವ ಫೋಟೊಗಳೆಲ್ಲ ಬಣ್ಣ ಒಣಗಿದ ಮೇಲಿನವೇ ಆದರೆ, ನೀವು ಕೊಳ್ಳುತ್ತಿರುವುದು ಬಣ್ಣವನ್ನು ಎಂದೇ ತಿಳಿದು ಮಾತಾಡಿ.

ಈ ಗಾಡಿಗಳ ನಿಜವಾದ ಶತ್ರು ತುಕ್ಕು. 1947ರಿಂದ 1955ರ ಆರಂಭದವರೆಗೆ ತಯಾರಾದ ಷೆವರ್ಲೆಯ ಈ ‘ಅಡ್ವಾನ್ಸ್ ಡಿಸೈನ್’ ಟ್ರಕ್ಕುಗಳಲ್ಲಿ ಮೊದಲು ಕೊಳೆಯುವುದು ಕ್ಯಾಬಿನ ಹಿಂಬದಿಯ ಕೆಳಮೂಲೆಗಳು. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಬಿರಿದ ಮೇಲೆ ಮಳೆನೀರು ಒಳಗೋಡೆಯಲ್ಲಿ ಇಳಿದು, ಮೂಲೆಯಲ್ಲಿ ಕೂತ ಧೂಳನ್ನು ಕೆಸರು ಮಾಡಿಕೊಂಡು ತಿಂಗಳುಗಟ್ಟಲೆ ಅಲ್ಲೇ ನಿಲ್ಲುತ್ತದೆ. ತಗಡು ಒಳಗಿನಿಂದ ಹೊರಕ್ಕೆ ತಿನ್ನಿಸಿಕೊಳ್ಳುತ್ತದೆ. ಹೊರಗೆ ಗುಳ್ಳೆ ಕಾಣುವಾಗ ಒಳಗೆ ಉಳಿದಿರುವುದು ಜರಡಿ. ಸರಿಯಾದ ರಿಪೇರಿ ಎಂದರೆ ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ತುಂಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯುವುದು. ಸುಲಭದ ರಿಪೇರಿ ಎಂದರೆ ತೂತಿನ ಮೇಲೆ ತಗಡು ಕೂರಿಸಿ, ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುವುದು. ಹೊರಗಿನಿಂದ ಎರಡೂ ಒಂದೇ.

ಹಾಗಾಗಿ ಒಳಗಿನಿಂದ ನೋಡಬೇಕು. ಸೀಟನ್ನು ಮುಂದಕ್ಕೆ ಬಾಗಿಸಿ, ಟಾರ್ಚ್ ಹಿಡಿದು ಮೂಲೆಗೆ ಬೆಳಕು ಬಿಡಿ. ಒಳ್ಳೆಯ ಕೆಲಸವಾಗಿದ್ದರೆ ಒಂದೇ ಪದರದ ತಗಡು, ಅದರಲ್ಲಿ ಬೆಸುಗೆಯ ಒಂದು ಗೆರೆ ಕಾಣುತ್ತದೆ. ಕಳ್ಳಕೆಲಸವಾಗಿದ್ದರೆ ಹೊಸ ತಗಡಿನ ಹಿಂದೆ ಹಳೆಯದರ ಹರಿದ ಕಂದು ಅಂಚು ಇಣುಕುತ್ತಿರುತ್ತದೆ. ಬೆರಳು ತಾಗಿದರೆ ಪುಡಿ ಉದುರುತ್ತದೆ. ಹೊರಗಡೆ, ಬಣ್ಣ ಗೀಚದಂತೆ ತೆಳು ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಅಯಸ್ಕಾಂತವನ್ನು ಮೆಲ್ಲಗೆ ಎಳೆಯುತ್ತ ಹೋಗಿ. ಬಾಗಿಲ ನಡುವೆ ಗಟ್ಟಿಯಾಗಿ ಅಂಟುವ ಅಯಸ್ಕಾಂತ ಕೆಳಮೂಲೆಯಲ್ಲಿ ಜಾರಿಬಿದ್ದರೆ ಅಲ್ಲಿ ಪುಟ್ಟಿ ದಪ್ಪಗಿದೆ. ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಮರುಬಣ್ಣ ಕಂಡ ಗಾಡಿ ಕೆಲವು ನೂರು ಮೈಕ್ರಾನ್ ತೋರಿಸಿದರೆ ತಪ್ಪೇನಿಲ್ಲ. 1000 ದಾಟಿದರೆ ಅಡಿಯಲ್ಲಿರುವುದು ಪುಟ್ಟಿಯೇ. ಒಂದೆರಡು ಕಡೆ ತೆಳುವಾಗಿ ಪುಟ್ಟಿ ಹಾಕುವುದು ಅಪರಾಧವಲ್ಲ, ಒಳ್ಳೆಯ ಕೆಲಸಗಾರರೂ ಹಾಕುತ್ತಾರೆ. ಹೊದ್ದಿಸುವಷ್ಟು ಹಾಕಿದ್ದರೆ ಮಾತ್ರ ಅನುಮಾನಿಸಿ.

ನೆಲದ ಮ್ಯಾಟ್ ಎತ್ತಿಸಿ. ಗಾಡಿಯ ಅಡಿಗೂ ಮಲಗಿ ನೋಡಿ, ಬಟ್ಟೆ ಕೊಳೆಯಾದರೆ ಆಗಲಿ. ಅಲ್ಲೆಲ್ಲ ಡಾಂಬರಿನಂಥ ಕಪ್ಪು ಲೇಪವನ್ನು ಹೊಸದಾಗಿ ದಪ್ಪಗೆ ಬಳಿದಿದ್ದರೆ ನನಗಂತೂ ಖುಷಿಯಾಗುವುದಿಲ್ಲ. ಸ್ವಚ್ಛವಾದ ಚಾಸಿಯನ್ನು ಮುಚ್ಚಿಡುವ ಅವಸರ ಯಾರಿಗಿರುತ್ತದೆ? ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಬಾಗಿಲು ಮುಚ್ಚಿ ಸುತ್ತಲಿನ ಸಂದನ್ನೂ ಗಮನಿಸಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕ್ಯಾಬು ಕೂತ ಆಧಾರಗಳು ಕುಸಿದಿರಬಹುದು, ಇಲ್ಲವೇ ತಗಡು ಬದಲಿಸುವಾಗ ಕ್ಯಾಬಿಗೆ ಒಳಗಿನಿಂದ ಆಸರೆ ಕೊಡದೆ ಅದು ಸೊಟ್ಟಗಾಗಿರಬಹುದು. ಬಣ್ಣ ಬಿದ್ದ ಮೇಲೆ ಇದನ್ನು ತಿದ್ದುವುದು ಬಹಳ ಕಷ್ಟ.

ಹಿಂದಿನ ಮರದ ಹಲಗೆಗಳಿಗೆ ಮರುಳಾಗಬೇಡಿ. ಕಾರ್ಖಾನೆಯಿಂದ ಹೊರಬಂದಾಗ ಅವು ದಿವಾನಖಾನೆಯ ಮೇಜಿನಂತೆ ಹೊಳೆಯುತ್ತಿರಲಿಲ್ಲ, ಸರಕು ಹೊರಲು ಹಾಕಿದ ಹಲಗೆಗಳು ಅವು. ವಾರ್ನಿಷ್ ಹಚ್ಚುವುದು ಇಡೀ ಗಾಡಿಯಲ್ಲೇ ಸುಲಭದ ಕೆಲಸ.

ಎಂಜಿನ್ನಿಗೆ ಬರೋಣ. ನೀವು ಹೋಗುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿಟ್ಟು, ಹೋದಕೂಡಲೇ ಬಾನೆಟ್ಟಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಏನನ್ನೋ ಅಡಗಿಸಲು ಮೊದಲೇ ಓಡಿಸಿದ್ದಾರೆ ಎಂದು ಅನುಮಾನಿಸಬಹುದು. ತಣ್ಣಗಿನ ಎಂಜಿನ್ ಹೊತ್ತುವಾಗ ನೀಲಿ ಹೊಗೆ ಒಮ್ಮೆ ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಗೈಡುಗಳ ಸವೆತ. ನಿಲ್ಲದೆ ಬರುತ್ತಿದ್ದರೆ ರಿಪೇರಿ ಪಿಸ್ಟನ್ ರಿಂಗು, ಸಿಲಿಂಡರ್ ಬೋರಿನ ತನಕ ಹೋಗಬೇಕಾದೀತು. 1951ರ 3100ರಲ್ಲಿ ಮೂಲತಃ ಇರುವುದು 216 ಘನ ಇಂಚಿನ ಆರು ಸಿಲಿಂಡರ್ ಎಂಜಿನ್. ಇದರ ಕನೆಕ್ಟಿಂಗ್ ರಾಡ್ ಬೇರಿಂಗುಗಳು ಬ್ಯಾಬಿಟ್ ಎಂಬ ಮೆದು ಮಿಶ್ರಲೋಹವನ್ನು ಎರಕ ಹೊಯ್ದವು. ಅವಕ್ಕೆ ಎಣ್ಣೆ ಸಿಗುವುದು ಮುಖ್ಯವಾಗಿ ಎರಚಾಟದಿಂದ. ಆದ್ದರಿಂದ ಆಯಿಲ್ ಒತ್ತಡದ ಗೇಜಿನ ಮುಳ್ಳು ಇಂದಿನ ಗಾಡಿಗಳಿಗಿಂತ ಬಹಳ ಕೆಳಗೆ ನಿಲ್ಲುತ್ತದೆ, ಅದು ರೋಗವಲ್ಲ. ಗೇಜೇ 30ಕ್ಕೆ ಮುಗಿಯುತ್ತದೆ. ಬ್ಯಾಬಿಟ್ ಹೊಯ್ಯಬಲ್ಲವರು ಈಗ ವಿರಳ. ಹಾಗಾಗಿ ‘ಎಂಜಿನ್ ಕೆಲಸ ಆಗಿದೆ’ ಎಂದರೆ ಯಾರು ಮಾಡಿದರು ಎಂದು ಕೇಳಿ, ಬಿಲ್ಲು ನೋಡಿ. ಎಷ್ಟೋ ಗಾಡಿಗಳಲ್ಲಿ 1954ರಲ್ಲಿ ಈ ಟ್ರಕ್ಕುಗಳಿಗೆ ಬಂದ 235 ಘನ ಇಂಚಿನ ಎಂಜಿನ್ ಕೂರಿಸಿರುತ್ತಾರೆ. ಬೇರಿಂಗುಗಳಿಗೆ ಒತ್ತಡದಲ್ಲೇ ಎಣ್ಣೆ ಹೋಗುವ ಎಂಜಿನ್ ಅದು. ದಿನವೂ ಓಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ, ಮೂಲ ಎಂಜಿನ್ನೇ ಬೇಕೆಂದು ಹಟ ಹಿಡಿಯುವವರ ಮಾತು ಬೇರೆ.

ವೈರಿಂಗಿನಲ್ಲಿ ಒಂದು ವಿಷಯ ನೆನಪಿರಲಿ. ಈ ಗಾಡಿ ಮೂಲತಃ 6 ವೋಲ್ಟಿನದು. ಇಂದಿನ 12 ವೋಲ್ಟಿಗೆ ಹೋಲಿಸಿದರೆ ಅಷ್ಟೇ ಶಕ್ತಿಗೆ ಎರಡರಷ್ಟು ಕರೆಂಟ್ ಹರಿಯಬೇಕಾದ್ದರಿಂದ ಬ್ಯಾಟರಿ ಕೇಬಲ್ ದಪ್ಪವಾಗಿರಬೇಕು. ಇಂದಿನ ತೆಳು ಕೇಬಲ್ ಹಾಕಿದವರೇ ‘ಹಳೇ ಗಾಡಿ, ಸ್ಟಾರ್ಟ್ ನಿಧಾನ’ ಎಂದು ಸಮಜಾಯಿಷಿ ಕೊಡುವುದು.

ಬ್ರೇಕಿನ ಮಾಸ್ಟರ್ ಸಿಲಿಂಡರ್ ಕ್ಯಾಬಿನ ನೆಲದ ಅಡಿಯಲ್ಲಿದೆ, ಒಂದೇ ಸರ್ಕ್ಯೂಟಿನದು. ಒಂದು ಪೈಪು ಒಡೆದರೆ ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ. ಪೆಡಲ್ ಮೇಲೆ ಒಂದು ನಿಮಿಷ ಕಾಲೂರಿ ನಿಲ್ಲಿ. ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಓಡಿಸಿ ನೋಡುವ ಮಾತನ್ನೇ ಬಿಡಿ. ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ. ಕಟಕಟ ಎಂದರೆ ಕಿಂಗ್‌ಪಿನ್ (ಮುಂದಿನ ಚಕ್ರ ತಿರುಗಿಕೊಳ್ಳುವ ಗೂಟ) ಅಥವಾ ಚಕ್ರದ ಬೇರಿಂಗ್ ಸಡಿಲವಾಗಿದೆ. ಟೈರಿನ ಮಗ್ಗುಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ‘1409’ ಎಂದಿದ್ದರೆ ಟೈರು 2009ರದು, ಹಲ್ಲು ಎಷ್ಟೇ ಚೆನ್ನಾಗಿರಲಿ. ಇನ್ನು ವೇಗ. ಹಿಂಬದಿ ಗೇರಿನ ಅನುಪಾತ 4.11 ಆದ್ದರಿಂದ ಎಂಜಿನ್ ಹೆಚ್ಚು ಸುತ್ತಬೇಕಾದ ಈ ಗಾಡಿ ಗಂಟೆಗೆ 80 ಕಿ.ಮೀ. ಹತ್ತಿರ ಬಂದಾಗ ಗೋಗರೆಯತೊಡಗುತ್ತದೆ. ಅದು ದೋಷವಲ್ಲ, ಅದರ ಜಾಯಮಾನ.

ಅಡಿಯಲ್ಲಿ ಬೇರೆಯದೇ ಚಾಸಿ ಇರುವ ಸಂಭವವೂ ಇದೆ. ಇದೇ ಷೆವರ್ಲೆಯ ಎಸ್-10 ಪಿಕಪ್ಪಿನ ಚಾಸಿಯ ಮೇಲೆ ಹಳೆಯ ಕ್ಯಾಬು ಕೂರಿಸುವುದು ಬಹಳ ಕಡೆ ನಡೆಯುವ ಪದ್ಧತಿ. ಓಡಿಸಲು ಹಾಯೆನಿಸುತ್ತದೆ, ಬ್ರೇಕೂ ಚೆನ್ನ. ಅದನ್ನು ಮೂಲರೂಪದ ಗಾಡಿಯ ಬೆಲೆಗೆ ಮಾರುವುದು ಮಾತ್ರ ಮೋಸ. ದಾಖಲೆ ಪರಿಶೀಲನೆ ಇನ್ನಷ್ಟು ಮುಖ್ಯವಾಗುವುದು ಇಲ್ಲಿಯೇ. 17 ಅಕ್ಷರಗಳ ಏಕರೂಪದ ವಾಹನ ಸಂಖ್ಯೆ ಬಂದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದಿನ ಗಾಡಿಗಳ ಸಂಖ್ಯೆ ಚಿಕ್ಕದು. ಈ ಟ್ರಕ್ಕುಗಳಲ್ಲಿ ಅದು ಚಾಲಕನ ಬಾಗಿಲ ಕಂಬದ ಪ್ಲೇಟಿನ ಮೇಲಿರುತ್ತದೆ. ಅಮೆರಿಕದ ಕೆಲವು ರಾಜ್ಯಗಳು ಆ ಕಾಲದಲ್ಲಿ ಎಂಜಿನ್ ಸಂಖ್ಯೆಯನ್ನೇ ಮಾಲೀಕತ್ವದ ಪತ್ರದಲ್ಲಿ ಬರೆಯುತ್ತಿದ್ದವು. ಮುಂದೆ ಎಂಜಿನ್ ಬದಲಾಗಿದ್ದರೆ ಪತ್ರ ಹೇಳುವ ಸಂಖ್ಯೆ ಗಾಡಿಯಲ್ಲಿ ಎಲ್ಲೂ ಸಿಗುವುದಿಲ್ಲ. ಅದನ್ನು ಸರಿಪಡಿಸಿಕೊಡಬೇಕಾದವರು ಮಾರುವವರು. ಅದು ಆಗುವ ತನಕ ಮುಂಗಡವೂ ಬೇಡ.