ಬ್ಯಾಸಿಗ್ಯಾಗ ಎಲ್ಲಿರ್ತೀರಿ?

ಸೊಟ್ಟ ಹಲ್ಲು ಸರಿಪಡಿಸುವ ನಮ್ಮ ಆರ್ಥೊಡಾಂಟಿಕ್ಸ್ ವಿಭಾಗದ ಕೇಸ್ ಶೀಟಿನಲ್ಲಿ ಅಚ್ಚಾಗಿರದ ಒಂದು ಪ್ರಶ್ನೆಯನ್ನು ನಾನು ವಿದ್ಯಾರ್ಥಿಗಳಿಂದ ಪೆನ್ಸಿಲ್‌ನಲ್ಲಿ ಬರೆಸುತ್ತೇನೆ: ‘ಬ್ಯಾಸಿಗ್ಯಾಗ ಎಲ್ಲಿರ್ತೀರಿ?’ ಮೊದಲ ದಿನ ಎಲ್ಲರೂ ನಗುತ್ತಾರೆ. ಹಲ್ಲು ಸೊಟ್ಟಗಿರುವುದಕ್ಕೂ ಬೇಸಿಗೆಗೂ ಏನು ಸಂಬಂಧ?

ರಾಯಚೂರಿನಲ್ಲಿ ಸಂಬಂಧ ಇದೆ. ದೇವದುರ್ಗ, ಲಿಂಗಸುಗೂರು ಕಡೆಯ ಎಷ್ಟೋ ಮನೆಗಳು ಹೊಲದ ಕೆಲಸ ಮುಗಿದ ಮೇಲೆ ಗುಳೆ ಹೋಗುತ್ತವೆ. ಬೆಂಗಳೂರಿಗೋ ಪುಣೆಗೋ ಹೋದವರು ಮತ್ತೆ ಊರು ಕಾಣುವುದು ಮಳೆ ಬಿದ್ದ ಮೇಲೆ. ಕ್ಲಿಪ್ ಚಿಕಿತ್ಸೆ ಎಂದರೆ ಒಂದೂವರೆಯಿಂದ ಎರಡು ವರ್ಷ, ಸುಮಾರು ತಿಂಗಳಿಗೊಮ್ಮೆ ತಪ್ಪದೆ ಬರಬೇಕು. ಬಾಯಲ್ಲಿ ತಂತಿ ಇಟ್ಟುಕೊಂಡು ಆರು ತಿಂಗಳು ಕಾಣೆಯಾದ ಹುಡುಗಿಯ ಹಲ್ಲು ನಮಗಾಗಿ ಕಾಯುತ್ತಾ ಕೂರುವುದಿಲ್ಲ. ನಿಕಲ್-ಟೈಟಾನಿಯಂ ತಂತಿಗೆ ತನ್ನ ಮೂಲ ಆಕಾರ ನೆನಪಿರುತ್ತದೆ. ಡಾಕ್ಟರು ನೋಡಲಿ ಬಿಡಲಿ, ಆ ಆಕಾರಕ್ಕೆ ಮರಳುವವರೆಗೂ ಎಳೆಯುತ್ತದೆ. ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಪುಟ್ಟ ಬ್ರಾಕೆಟ್‌ಗಳ ಸುತ್ತ ತಿಂದದ್ದು ಅಂಟಿ ಮೊದಲು ಬಿಳಿ ಮಚ್ಚೆ ಮೂಡುತ್ತದೆ, ಆಮೇಲೆ ಹುಳುಕು. ಸೊಟ್ಟ ಹಲ್ಲು ನೆಟ್ಟಗಾಗಲೆಂದು ಬಂದವಳು ಹುಳುಕು ಹಲ್ಲಿನೊಂದಿಗೆ ಹೋಗುತ್ತಾಳೆ. ಗುಳೆ ಹೋಗುವ ಮನೆಯ ಮಗುವಿಗೆ ತಾನೇ ತೆಗೆದು ಮತ್ತೆ ಹಾಕಿಕೊಳ್ಳುವ ಪ್ಲೇಟ್ ಸಾಕೇ, ಒಂದು ವರ್ಷ ಕಾಯಬಹುದೇ, ಊರಲ್ಲೇ ಉಳಿಯುವ ಅಜ್ಜಿಯ ಹತ್ತಿರ ಮಗುವನ್ನು ಬಿಡುತ್ತಾರೆಯೇ ಎನ್ನುವುದು ಚಿಕಿತ್ಸೆಯ ಯೋಜನೆಯೊಳಗಿನ ಮಾತು, ಹೊರಗಿನದಲ್ಲ.

ಮೂರನೇ ವರ್ಷದ ಬಿಡಿಎಸ್ ಹುಡುಗರು ನಮ್ಮ ವಿಭಾಗಕ್ಕೆ ಬರುವಾಗ ಅವರ ಕಣ್ಣೆಲ್ಲ ಬ್ರಾಕೆಟ್ ಮೇಲೆ. ನಾನು ಕೈಗೆ ಕೊಡುವುದು 0.7 ಮಿಲಿಮೀಟರ್ ದಪ್ಪದ ಸ್ಟೀಲ್ ತಂತಿ ಮತ್ತು ಒಂದು ಇಕ್ಕಳ. ಸುರುಳಿಯಿಂದ ಕತ್ತರಿಸಿದ ತಂತಿಯನ್ನು ಮೊದಲು ನೆಟ್ಟಗೆ ಮಾಡಬೇಕು. ಅದಕ್ಕೇ ಅರ್ಧ ದಿನ ಹೋಗುತ್ತದೆ. ಆಮೇಲೆ ಚೌಕ, ತ್ರಿಕೋನ, ವೃತ್ತ. ಚೌಕವನ್ನು ಮೇಜಿನ ಮೇಲಿಟ್ಟರೆ ನಾಲ್ಕೂ ಮೂಲೆ ಸಮತಟ್ಟಾಗಿ ಕೂರಬೇಕು. ಕೊನೆಗೆ ಪ್ಲೇಟನ್ನು ಹಲ್ಲಿಗೆ ಹಿಡಿದಿಡುವ ಕೊಂಡಿ, ಆಡಮ್ಸ್ ಕ್ಲಾಸ್ಪ್: ದವಡೆ ಹಲ್ಲಿನ ಎರಡು ಬದಿಯ ಒಳಸರಿವಿನಲ್ಲಿ ಹೋಗಿ ಕಚ್ಚಿಕೊಳ್ಳುವ ಎರಡು ಬಾಣದ ತುದಿಗಳು, ನಡುವೆ ಹಲ್ಲಿಗೆ ತಾಗದಂತೆ ನಿಲ್ಲುವ ಒಂದು ಸೇತುವೆ. ನೋಡಲು ಏನೂ ಅಲ್ಲ. ಮಾಡಲು ಕೂತರೆ ಹೊಸಬರು ಹತ್ತು ಹನ್ನೆರಡು ತಂತಿ ಮುರಿಯುತ್ತಾರೆ. ಇಕ್ಕಳ ತಂತಿಯನ್ನು ಹಿಡಿಯುತ್ತದೆ ಅಷ್ಟೆ, ಬಗ್ಗಿಸಬೇಕಾದದ್ದು ಹೆಬ್ಬೆರಳು. ಒಮ್ಮೆ ಬಗ್ಗಿಸಿದ ಜಾಗವನ್ನೇ ತಿದ್ದುತ್ತಾ ಹಿಂದೆ ಮುಂದೆ ಮಾಡಿದರೆ ಲೋಹ ಅಲ್ಲಿ ಗಡುಸಾಗಿ ಪಟ್ಟನೆ ಮುರಿಯುತ್ತದೆ.

ಹಟ್ಟಿ ಚಿನ್ನದ ಗಣಿ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಒಂದು ಮಾತು ಹೇಳದೆ ಬಿಡುವುದಿಲ್ಲ. ಈ ಶಾಸ್ತ್ರಕ್ಕೆ ರೂಪ ಕೊಟ್ಟ ಎಡ್ವರ್ಡ್ ಆಂಗಲ್ ತನ್ನ ಕಾಲದಲ್ಲಿ ಬಳಸಿದ್ದು ಚಿನ್ನದ ಮಿಶ್ರಲೋಹದ ತಂತಿ. ಸ್ಟೇನ್‌ಲೆಸ್ ಸ್ಟೀಲ್ ಆ ಜಾಗಕ್ಕೆ ಬಂದದ್ದು ಆಮೇಲೆ. ಅಂದರೆ ಈ ವಿದ್ಯೆಯ ಹಿರಿಯರ ಕೈಗೆ ಅಕ್ಕಸಾಲಿಗನ ಹದ ಬೇಕಿತ್ತು. ‘ಸರ, ಈಗ ರೆಡಿಮೇಡ್ ಎಲ್ಲಾ ಸಿಗ್ತದಲ್ರಿ’ ಅನ್ನುತ್ತಾರೆ ಹುಡುಗರು. ಸಿಗುತ್ತದೆ. ಆದರೆ ತಂತಿ ಎಷ್ಟು ಬಗ್ಗಿದರೆ ಎಷ್ಟು ಬಲ ಹುಟ್ಟುತ್ತದೆ ಎಂಬ ಅಂದಾಜು ಬೆರಳಿಗೆ ಹತ್ತಬೇಕಾದರೆ ಹತ್ತಾರು ತಂತಿ ಮುರಿಯಲೇಬೇಕು.

ಬಲದ ವಿಷಯದಲ್ಲಿ ಹೊಸಬರದ್ದು ಒಂದೇ ತಪ್ಪು. ಜಾಸ್ತಿ ಎಳೆದರೆ ಬೇಗ ಸರಿಯುತ್ತದೆ ಅಂದುಕೊಳ್ಳುತ್ತಾರೆ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರ್‌ನಷ್ಟು ತೆಳುವಾದ ಒಂದು ಪದರವಿದೆ. ಮೆಲ್ಲಗೆ ಒತ್ತಿದರೆ ಒತ್ತಿದ ಕಡೆ ಮೂಳೆಯನ್ನು ಕರಗಿಸುವ ಕೋಶಗಳು ಬಂದು ದಾರಿ ಬಿಡಿಸುತ್ತವೆ, ಹಿಂದೆ ಎಳೆತವಿರುವ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಜೋರಾಗಿ ಒತ್ತಿದರೆ ಆ ಪದರದ ರಕ್ತ ಸಂಚಾರವೇ ನಿಲ್ಲುತ್ತದೆ, ಅಲ್ಲಿನ ಜೀವಕೋಶ ಸಾಯುತ್ತವೆ, ಹಲ್ಲು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಮಗುವಿಗೆ ನೋವು ಬೇರೆ. ಬೇರಿನ ತುದಿ ಸವೆಯುವ ಅಪಾಯವೂ ಇದೆ. ಎರಿ ಹೊಲದ ಕೆಸರಿನಲ್ಲಿ ಹೂತ ಬಂಡಿಗೆ ಎತ್ತನ್ನು ಬಡಿದಂತೆ ಅದು. ಹಲ್ಲನ್ನು ಬರೀ ವಾಲಿಸುವುದಕ್ಕೆ 50 ಗ್ರಾಂ ಆಸುಪಾಸಿನ ಬಲ ಸಾಕು. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿದರೆ ಅದೇ ಒಳ್ಳೆಯ ವೇಗ.

ಇದನ್ನು ಕಲಿಸಲು ಟೈಪೊಡಾಂಟ್ ಎಂಬ ಸಾಧನವಿದೆ. ಮೇಣದಲ್ಲಿ ಹಲ್ಲುಗಳನ್ನು ಸೊಟ್ಟಗೆ ನೆಟ್ಟು, ಬ್ರಾಕೆಟ್ ಮತ್ತು ತಂತಿ ಹಾಕಿ, ಬಿಸಿನೀರಿನಲ್ಲಿ ಮುಳುಗಿಸಿದರೆ ಮೇಣ ಮೆತ್ತಗಾಗಿ ಹಲ್ಲುಗಳು ಕಣ್ಣೆದುರೇ ಸಾಲಿಗೆ ಬರುತ್ತವೆ. ಹುಡುಗರು ಚಪ್ಪಾಳೆ ಹೊಡೆಯುತ್ತಾರೆ. ನನಗೆ ಅದರ ಮೇಲೆ ಅರ್ಧ ಪ್ರೀತಿ, ಅರ್ಧ ಸಿಟ್ಟು. ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಆದದ್ದು ನೋಡಿದವನಿಗೆ ಮೇಣಕ್ಕೆ ರಕ್ತನಾಳವಿಲ್ಲ ಎನ್ನುವುದು ಮರೆತುಹೋಗುತ್ತದೆ. (ನಮ್ಮೂರ ಮೇ ತಿಂಗಳಲ್ಲಿ ಅದನ್ನು ಕಾರಿನಲ್ಲಿ ಬಿಟ್ಟರೆ ಬಿಸಿನೀರೂ ಬೇಡ.)

ಬಿಸಿಲಿನ ಮಾತು ಬಂತು. ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿ, ನೀರು ಬಿಸಿಯಿದ್ದಷ್ಟೂ ಬೇಗ ಗಟ್ಟಿಯಾಗುತ್ತದೆ. ಪುಸ್ತಕ ಓದಿ ಅಳತೆಯಂತೆ ಕಲಸಿದ ಹುಡುಗಿ, ಟ್ರೇ ಬಾಯಿಗೆ ಹೋಗುವುದರೊಳಗೆ ಅದು ಬಟ್ಟಲಲ್ಲೇ ಹೆಪ್ಪುಗಟ್ಟಿದ್ದನ್ನು ನೋಡಿ ಅಳುವಂತಾಗಿದ್ದಳು. ನಲ್ಲಿ ನೀರೇ ಕಾದಿತ್ತು. ಮಾರ್ಚ್‌ನಿಂದ ಜೂನ್‌ವರೆಗೆ ನಾವು ಬಳಸುವುದು ಮಡಿಕೆಯಲ್ಲಿಟ್ಟ ತಣ್ಣೀರು. ತೆಗೆದ ಅಚ್ಚನ್ನೂ ಫ್ಯಾನಿನ ಕೆಳಗೆ ಬಿಟ್ಟು ಚಹಾಕ್ಕೆ ಹೋಗುವಂತಿಲ್ಲ. ಒಣ ಗಾಳಿಗೆ ನೀರು ಆರಿ ಅಚ್ಚು ಕುಗ್ಗುತ್ತದೆ. ಒದ್ದೆ ಬಟ್ಟೆ ಸುತ್ತಿ ಆದಷ್ಟು ಬೇಗ ಪ್ಲಾಸ್ಟರ್ ಸುರಿಯಬೇಕು.

ಆ ಪ್ಲಾಸ್ಟರ್ ಮಾಡೆಲ್ ಕೈಗೆ ಬಂದ ಮೇಲೆ ನೋಡುವುದನ್ನು ಕಲಿಸುತ್ತೇನೆ. ಆಂಗಲ್ 1899ರಲ್ಲಿ ಹೇಳಿದ ವರ್ಗೀಕರಣ ಇವತ್ತಿಗೂ ಮೊದಲ ಪಾಠ: ಮೇಲಿನ ಮೊದಲ ಕಾಯಂ ದವಡೆ ಹಲ್ಲಿನ ಕೆನ್ನೆ ಕಡೆಯ ಮುಂದಿನ ಮೊನೆ, ಕೆಳಗಿನ ಮೊದಲ ದವಡೆ ಹಲ್ಲಿನ ಕೆನ್ನೆ ಕಡೆಯ ಗೀರಿನಲ್ಲಿ ಕೂತಿದೆಯೇ, ಮುಂದಿದೆಯೇ, ಹಿಂದಿದೆಯೇ? ಒಂದನೇ, ಎರಡನೇ, ಮೂರನೇ ವರ್ಗ. ಹುಡುಗರು ಇದನ್ನು ಒಂದೇ ಗಂಟೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಆದರೆ ಹಲ್ಲಿನ ಸಂಬಂಧ ಬೇರೆ, ದವಡೆ ಮೂಳೆಯ ಸಂಬಂಧ ಬೇರೆ. ‘ಉಬ್ಬಲ್ಲು’ ಎಂದು ಬಂದ ಮಗುವಿನಲ್ಲಿ ಮುಂದೆ ಬಂದಿರುವುದು ಮೇಲಿನ ಹಲ್ಲೋ, ಹಿಂದೆ ಉಳಿದಿರುವುದು ಕೆಳದವಡೆಯೋ ಎಂದು ತಿಳಿಯಲು ಮಗುವನ್ನು ಪಕ್ಕದಿಂದ ನೋಡಬೇಕು, ಎಕ್ಸ್‌ರೇ ಅಳೆಯಬೇಕು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಪ್ರತಿ ಬ್ಯಾಚಿನಲ್ಲೂ ಯಾರೋ ಒಬ್ಬರು ಹೇಳುತ್ತಾರೆ. ನಮ್ಮ ಕೆಲಸದಲ್ಲಿ ಅದು ಅರ್ಧ ಸತ್ಯ. ವಸಡು ಗಟ್ಟಿಯಿದ್ದರೆ ನಲವತ್ತರಲ್ಲೂ ಹಲ್ಲು ಸರಿಯುತ್ತದೆ. ವಯಸ್ಸಿಗೆ ಕಟ್ಟುಬಿದ್ದಿರುವುದು ದವಡೆಯ ಬೆಳವಣಿಗೆ. ಹಿಂದುಳಿದ ಕೆಳದವಡೆಗೆ ಟ್ವಿನ್ ಬ್ಲಾಕ್‌ನಂಥ ಸಾಧನ ಕೆಲಸ ಮಾಡುವುದು ಮೈ ಸರಸರನೆ ಬೆಳೆಯುವ ಆ ಒಂದೆರಡು ವರ್ಷದಲ್ಲಿ. ಹುಡುಗಿಯರಿಗೆ ಆ ಕಾಲ ಮೊದಲೇ ಬರುತ್ತದೆ, ಹುಡುಗರಿಗೆ ಸುಮಾರು ಎರಡು ವರ್ಷ ತಡವಾಗಿ. ಹುಡುಗಿಯರಲ್ಲಿ ಋತುಮತಿಯಾಗುವ ಹೊತ್ತಿಗೆ ಬೆಳವಣಿಗೆಯ ಶಿಖರ ಸಾಮಾನ್ಯವಾಗಿ ದಾಟಿರುತ್ತದೆ. ಹಾಗಾಗಿ ‘ದೊಡ್ಡಾಕಿ ಆಗ್ಯಾಳೇನ್ರೀ?’ ಎಂದು ತಾಯಿಯನ್ನು ಕೇಳಲೇಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಗಂಡು ಹುಡುಗರು ನೆಲ ನೋಡುತ್ತಾರೆ, ಹೆಣ್ಣುಮಕ್ಕಳು ಮೆಲ್ಲಗೆ ಕೇಳಿ ಬರೆದುಕೊಳ್ಳುತ್ತಾರೆ. ಮೊದಮೊದಲು ನಾನೂ ನೆಲ ನೋಡಿದವನೇ.

ಕಾಯುವುದನ್ನು ಕಲಿಸುವುದು ಎಲ್ಲಕ್ಕಿಂತ ಕಷ್ಟ. ಒಂಬತ್ತರ ಹುಡುಗನೊಬ್ಬನನ್ನು ಮಾನ್ವಿ ಕಡೆಯ ತಾಯಿ ಕರೆತಂದಿದ್ದರು. ಮೇಲಿನ ಮುಂದಿನ ಎರಡು ಹಲ್ಲಿನ ನಡುವೆ ಸಂದು, ಹಲ್ಲುಗಳು ಬೀಸಣಿಗೆಯಂತೆ ಹೊರಗೆ ಹರಡಿವೆ. ‘ಕ್ಲಿಪ್ ಹಾಕಿಬಿಡ್ರಿ ಸರ, ಸಾಲ್ಯಾಗ ಹುಡುಗ್ರು ಕಾಡಸ್ತಾರ.’ ನನ್ನ ವಿದ್ಯಾರ್ಥಿ ಆಗಲೇ ಫಾರಂ ತುಂಬುತ್ತಿದ್ದ. ಅವನ ಬೆರಳನ್ನು ಹುಡುಗನ ತುಟಿಯೊಳಗೆ, ವಸಡಿನ ಮೇಲ್ಭಾಗಕ್ಕೆ ಇಡಿಸಿದೆ. ಎರಡೂ ಕಡೆ ಗುಂಡಗೆ ಉಬ್ಬು. ಇಳಿದು ಬರುತ್ತಿರುವ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನು ಒತ್ತುವುದರಿಂದ ಹಲ್ಲುಗಳು ಹಾಗೆ ಹರಡಿಕೊಳ್ಳುತ್ತವೆ. ಹನ್ನೊಂದು ಹನ್ನೆರಡಕ್ಕೆ ಕೋರೆ ಹೊರಬಂದಾಗ ಆ ಸಂದು ಬಹುಪಾಲು ತಾನೇ ಮುಚ್ಚುತ್ತದೆ. ಈಗ ತಂತಿ ಹಾಕಿ ಎಳೆದರೆ ಬೇರಿಗೆ ಕೋರೆ ಉಜ್ಜಿ ಹಾನಿಯಾದೀತು. ತಾಯಿಗೆ ಇದನ್ನು ಹೇಳಿ ಒಪ್ಪಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಇಷ್ಟು ದೂರ ಬಂದವರಿಗೆ ‘ಏನೂ ಬೇಡ’ ಎನ್ನುವುದು ಸುಲಭವಲ್ಲ. ಮೂರು ವರ್ಷದ ಮೇಲೆ ಬಂದಾಗ ಸಂದು ಇರಲಿಲ್ಲ.

ಅದೇ ವಾರ ಅದೇ ವಯಸ್ಸಿನ ಇನ್ನೊಂದು ಮಗು ಬಂತು. ಮೇಲಿನ ಬಾಚಿಹಲ್ಲು ಕೆಳಗಿನ ಹಲ್ಲಿನ ಹಿಂದೆ ಕಚ್ಚುತ್ತಿತ್ತು. ಅಲ್ಲಿ ಕಾಯುವಂತಿಲ್ಲ; ಕೆಳಗಿನ ಹಲ್ಲಿನ ವಸಡು ಸವೆಯುತ್ತದೆ, ದವಡೆ ತಪ್ಪು ಜಾಗಕ್ಕೆ ಹೊಂದಿಕೊಳ್ಳುತ್ತದೆ. ಹಲ್ಲನ್ನು ಮುಂದಕ್ಕೆ ತಳ್ಳಲು 0.5 ಮಿಲಿಮೀಟರ್ ತಂತಿಯ ಜಡ್ ಸ್ಪ್ರಿಂಗ್ ಇರುವ ಪ್ಲೇಟ್, ಎರಡೇ ತಿಂಗಳು. ಹಿಡಿದುಕೊಳ್ಳಲು ಆಡಮ್ಸ್ ಕ್ಲಾಸ್ಪ್. ಅವತ್ತು ಹುಡುಗರಿಗೆ ಮುರಿದ ತಂತಿಗಳ ಲೆಕ್ಕ ತಿಳಿಯಿತು.

ಪುಸ್ತಕ ಕಲಿಸದೆ ಜಿಲ್ಲೆಯೇ ನನಗೆ ಕಲಿಸಿದ ಪಾಠ ಇನ್ನೊಂದು. ಪ್ರಾಕ್ಟೀಸ್ ಶುರುವಿನಲ್ಲಿ ಒಬ್ಬ ಹುಡುಗಿಯ ಬ್ರಾಕೆಟ್ ಪ್ರತಿ ತಿಂಗಳೂ ಎರಡು ಮೂರು ಉದುರುತ್ತಿದ್ದವು. ‘ಖಡಕ್ ರೊಟ್ಟಿ ತಿನ್ನಬ್ಯಾಡ ಅಂದಿದ್ದೆ’ ಎಂದು ಗದರಿದೆ. ಶೇಂಗಾ, ಕಬ್ಬು ಎಲ್ಲದರ ಮೇಲೂ ಗೂಬೆ ಕೂರಿಸಿದೆ. ‘ಸರ, ರೊಟ್ಟಿ ಸಾರಿನ್ಯಾಗ ನೆನಸೇ ತಿಂತೀನ್ರಿ’ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅವಳ ಹಲ್ಲಿನ ಮೇಲಿನ ಕಂದು ಕಲೆ ನನ್ನ ಎದುರೇ ಇತ್ತು. ಊರಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಕುಡಿದು ಬೆಳೆದ ಹಲ್ಲು ಅದು. ಅಂಥ ಎನಾಮೆಲ್‌ನ ಮೇಲ್ಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಬ್ರಾಕೆಟ್ ಅಂಟಿಸುವ ಮೊದಲು, ಅಂಟು ಗಟ್ಟಿಯಾಗಿ ಹಿಡಿಯಲೆಂದು, 37 ಶೇಕಡಾ ಫಾಸ್ಫಾರಿಕ್ ಆಮ್ಲವನ್ನು ಬೇರೆ ಹಲ್ಲಿಗೆ 30 ಸೆಕೆಂಡ್ ಹಚ್ಚಿದರೆ ಸಾಕು. ಇಲ್ಲಿ ಮೇಲ್ಮೈಯನ್ನು ತುಸು ಉಜ್ಜಿ, ಇನ್ನೂ ಹೆಚ್ಚು ಹೊತ್ತು ಹಚ್ಚಬೇಕಿತ್ತು. ತಪ್ಪು ರೊಟ್ಟಿಯದಲ್ಲ, ನನ್ನದು. ಈಗ ಕೇಸ್ ಶೀಟಿನಲ್ಲಿ ಪೆನ್ಸಿಲ್‌ನ ಎರಡನೇ ಪ್ರಶ್ನೆ: ‘ಕುಡಿಯೋ ನೀರು ಎಲ್ಲಿದು?’

ಹೋಟೆಲ್ ಹಾಲ್‌ನಲ್ಲಿ ಎರಡು ದಿನ ಕಲಿತು, ಸರ್ಟಿಫಿಕೇಟ್ ಗೋಡೆಗೆ ಹೊಡೆದು, ಸೋಮವಾರದಿಂದ ಕ್ಲಿಪ್ ಹಾಕುವವರ ಬಗ್ಗೆ ನನಗೆ ಸಮಾಧಾನವಿಲ್ಲ. ಅಂಥ ಕಡೆಯಿಂದ ಅರ್ಧಕ್ಕೆ ಬಿಟ್ಟು ಬಂದವರ ಕೈಯಲ್ಲಿ ಶುರುವಿನ ಮಾಡೆಲ್ ಇರುವುದಿಲ್ಲ, ಎಕ್ಸ್‌ರೇ ಇರುವುದಿಲ್ಲ. ಹಲ್ಲು ಮೊದಲು ಎಲ್ಲಿತ್ತು ಎಂದು ಗೊತ್ತಿಲ್ಲದೆ ಎಲ್ಲಿಗೆ ಹೋಗುತ್ತಿದೆ ಎಂದು ಹೇಳುವುದು ಹೇಗೆ? ಬಿಡಿಎಸ್ ಮುಗಿಸಿ ಸಿಂಧನೂರಿನಲ್ಲೋ ಮಸ್ಕಿಯಲ್ಲೋ ಕ್ಲಿನಿಕ್ ಇಡುವ ನನ್ನ ವಿದ್ಯಾರ್ಥಿ ಬ್ರಾಕೆಟ್ ಹಾಕದಿದ್ದರೂ ಪರವಾಗಿಲ್ಲ. ಏಳೆಂಟು ವರ್ಷದ ಮಗು ಹಲ್ಲುನೋವಿಗೆಂದು ಬಂದಾಗ ಕಚ್ಚಿಸಿ ನೋಡಿ, ಇದು ಕಾಯುವ ಕೇಸು, ಇದು ಈಗಲೇ ಕಳಿಸುವ ಕೇಸು ಎಂದು ಬೇರ್ಪಡಿಸಿದರೆ ಸಾಕು.

ಸೋಮವಾರ ಹೊಸ ಬ್ಯಾಚ್ ಬರುತ್ತದೆ. ತಂತಿಯ ಸುರುಳಿ ತರಿಸಿಟ್ಟಿದ್ದೇನೆ. ಹಳೆಯ ಮಡಿಕೆ ಸೋರುತ್ತಿದೆ, ಹೊಸದು ತರಲು ಹೇಳಬೇಕು.