ಕೊಬ್ಬರಿಗೆ ಬೆಂಕಿಕಡ್ಡಿ ಬೇಕಿಲ್ಲ

ಸಂಕ್ರಾಂತಿಗೆ ಮುಂಚೆ ಮಗನ ಮನೆಗೆ ಹೊರಟಿದ್ದ ನಮ್ಮ ಅತ್ತಿಗೆಯ ಚೀಲದಿಂದ ವಿಮಾನ ನಿಲ್ದಾಣದಲ್ಲಿ ಆರು ಗಿಟುಕು ಕೊಬ್ಬರಿ ತೆಗೆಸಿದರು. ಎಳ್ಳು, ಬೆಲ್ಲ, ಕಡಲೆಬೀಜ ಹೋದವು, ಕೊಬ್ಬರಿ ಇಲ್ಲೇ ಉಳಿಯಿತು. "ದೇವರ ಮುಂದೆ ಇಡೋ ಕೊಬ್ಬರೀಲಿ ಅದೇನು ಬಾಂಬ್ ಕಂಡರೋ" ಎಂದು ಆಕೆಗೆ ಇನ್ನೂ ಸಿಟ್ಟು. ಮನೆಯವರೆಲ್ಲ ಹೇಳಿದ ಕಾರಣ ಒಂದೇ: ಅದರಲ್ಲಿ ಎಣ್ಣೆ ಜಾಸ್ತಿ, ಕಡ್ಡಿ ಗೀರಿದರೆ ಉರಿಯುತ್ತದೆ. ಈ ವಿವರಣೆ ಕೇಳಿದಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ಹಾಗಿದ್ದರೆ ಕಡಲೆಬೀಜವನ್ನೂ ಬಿಡಬಾರದಿತ್ತು, ಅದರಲ್ಲೂ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ.

ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಯ ಸಂಖ್ಯೆ 1363, ವರ್ಗ 4.2. ಯಾರೂ ಕಿಡಿ ಸೋಕಿಸದೆ, ತಾವಾಗಿಯೇ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗವಿದು. ಹಲವು ವಿಮಾನ ಕಂಪನಿಗಳು ಒಣಕೊಬ್ಬರಿ ಬೇಡ ಎನ್ನುವುದರ ಮೂಲ ಇಲ್ಲಿದೆ.

ಹಸಿ ಹುಲ್ಲನ್ನು ಬಣವೆ ಒಟ್ಟಿದವರಿಗೆ ಇದು ಗೊತ್ತು. ನಾಲ್ಕು ದಿನ ಬಿಟ್ಟು ಒಳಗೆ ಕೈ ತೂರಿಸಿದರೆ ಬಿಸಿ ಬಡಿಯುತ್ತದೆ. ಚಳಿಗಾಲದ ಬೆಳಿಗ್ಗೆ ತಿಪ್ಪೆ ಕೆದಕಿದರೆ ಹಬೆ ಏಳುತ್ತದೆ. ಸರಿಯಾಗಿ ಒಣಗದ ಕೊಬ್ಬರಿಯಲ್ಲೂ ಅಷ್ಟೇ, ತೇವ ಸಿಕ್ಕರೆ ಬೂಷ್ಟು, ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವು ಉಸಿರಾಡುತ್ತವೆ, ಉಸಿರಾಟ ಎಂದರೆ ನಿಧಾನವಾದ ಉರಿಯುವಿಕೆಯೇ. ಶಾಖ 60–70 ಡಿಗ್ರಿ ಮುಟ್ಟುವ ಹೊತ್ತಿಗೆ ಅವು ಸಾಯುತ್ತವೆ. ಆದರೆ ಅಷ್ಟರಲ್ಲಿ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡುವ ಕೆಲಸ ಚುರುಕಾಗಿರುತ್ತದೆ. ಪ್ರತಿ 10 ಡಿಗ್ರಿಗೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿ ಎಂಬುದು ಹಳೆಯ ಅಂದಾಜು. 30 ರಿಂದ 70ಕ್ಕೆ ಏರಿದರೆ 16 ಪಟ್ಟು! ಸಾಲಕ್ಕೆ ಬಡ್ಡಿ, ಬಡ್ಡಿಗೆ ಮತ್ತೆ ಬಡ್ಡಿ ಸೇರಿದ ಹಾಗೆ: ಬಿಸಿಯಿಂದ ವೇಗ, ವೇಗದಿಂದ ಇನ್ನಷ್ಟು ಬಿಸಿ.

ಹಾಗಾದರೆ ಅಡುಗೆಮನೆಯ ಡಬ್ಬಿಯಲ್ಲಿರುವ ಗಿಟುಕು ಯಾಕೆ ಹೊತ್ತಿಕೊಳ್ಳುವುದಿಲ್ಲ? ನನಗೆ ಅತಿ ಪ್ರಿಯವಾದ ಭಾಗ ಇದು. ಶಾಖ ಹುಟ್ಟುವುದು ಇಡೀ ಗಾತ್ರದಲ್ಲಿ, ಹೊರಹೋಗುವುದು ಮೈಯಿಂದ ಮಾತ್ರ. ರಾಶಿಯ ಉದ್ದ, ಅಗಲ, ಎತ್ತರ ಎರಡು ಪಟ್ಟಾದರೆ ಮೈ ನಾಲ್ಕು ಪಟ್ಟು, ಗಾತ್ರ ಎಂಟು ಪಟ್ಟು. ಊರು ಬೆಳೆದಂತೆ ಜನ ಎಂಟು ಪಟ್ಟಾಗಿ ಊರಬಾಗಿಲು ನಾಲ್ಕೇ ಪಟ್ಟಾದರೆ ಒಳಗೆ ನೂಕುನುಗ್ಗಲು ತಾನೆ? ಬಟ್ಟಲಿನ ಅನ್ನ ಬೇಗ ಆರುತ್ತದೆ, ಮದುವೆಮನೆಯ ಕೊಪ್ಪರಿಗೆಯ ಅನ್ನ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಹುಟ್ಟುವ ಶಾಖ ಮತ್ತು ಕಳೆಯುವ ಶಾಖದ ಈ ಜಗ್ಗಾಟವನ್ನು ರಷ್ಯಾದ ನಿಕೊಲಾಯ್ ಸೆಮೆನೊವ್ 1928ರಲ್ಲಿ ಗಣಿತಕ್ಕೆ ತಂದರು. ಮುಂದೆ 1956ರಲ್ಲಿ ರಾಸಾಯನಿಕ ಕ್ರಿಯೆಗಳ ಅಧ್ಯಯನಕ್ಕಾಗಿ ಅವರಿಗೆ ನೊಬೆಲ್ ಬಂತು. ತಿಪಟೂರಿನ ರೈತರು ಕಾಯಿಯನ್ನು ಗಾಳಿಯಾಡುವ ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟು, ಚಿಪ್ಪಿನೊಳಗೇ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾರೆ. ತೇವ ಹೋಗಲಿ, ಶಾಖ ನಿಲ್ಲದಿರಲಿ ಎಂಬ ಎರಡೂ ಎಚ್ಚರ ಆ ಅಟ್ಟದಲ್ಲಿವೆ.

ಆದ್ದರಿಂದ ಅತ್ತಿಗೆಯ ಆರು ಗಿಟುಕು ತಾವಾಗಿ ಹೊತ್ತಿಕೊಳ್ಳುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಮೂಟೆಗಟ್ಟಲೆ ಕೊಬ್ಬರಿಯ ಭಯಕ್ಕೆ ಹುಟ್ಟಿದ ವರ್ಗೀಕರಣ ಆಕೆಯ ಚೀಲಕ್ಕೂ ತಾಗಿತು. ನನ್ನ ಮಟ್ಟಿಗೆ ಇದು ಅತಿಯಾಯಿತು, ಆದರೆ ಮೂಢನಂಬಿಕೆಯಂತೂ ಅಲ್ಲ.

ಅದೇ ಚೀಲದಲ್ಲಿ ನಿಜಕ್ಕೂ ಹೆದರಬೇಕಾದ ವಸ್ತು ಬೇರೊಂದಿತ್ತು, ಪವರ್ ಬ್ಯಾಂಕ್. ಅದರಲ್ಲೂ ಇದೇ ಬಡ್ಡಿಯ ಲೆಕ್ಕ, ಆದರೆ ದಿನಗಳಲ್ಲಲ್ಲ, ಸೆಕೆಂಡುಗಳಲ್ಲಿ. ಒಳಗಿನ ತೆಳು ಪ್ಲಾಸ್ಟಿಕ್ ಪರದೆ ಸುಮಾರು 130 ಡಿಗ್ರಿಗೆ ಕರಗಿ ಎರಡು ಧ್ರುವಗಳು ತಾಗುತ್ತವೆ, ಇನ್ನೂ ಕಾದರೆ ಧನಧ್ರುವದ ಆಕ್ಸೈಡ್ ತಾನೇ ಆಮ್ಲಜನಕ ಬಿಡುತ್ತದೆ. ವಿಮಾನದ ಸರಕುಕೋಣೆಯಲ್ಲಿ ಬೆಂಕಿ ಆರಿಸಲು ಇಟ್ಟಿರುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸಬಲ್ಲದು, ಬ್ಯಾಟರಿಯ ಒಡಲನ್ನು ತಣಿಸಲಾರದು. ಅದಕ್ಕೇ ಪವರ್ ಬ್ಯಾಂಕನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು: ಅಲ್ಲಿ ಹೊಗೆ ಕಣ್ಣಿಗೆ ಬೀಳುತ್ತದೆ, ನೀರು ಸುರಿಯಲು ಕೈಗಳಿವೆ. ಸಾಮಾನ್ಯ ಮಿತಿ 100 ವಾಟ್-ಅವರ್. 20,000 ಎಂಎಎಚ್ ಎಂದು ಬರೆದಿದ್ದರೆ ಅದನ್ನು 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿ, 74 ಬರುತ್ತದೆ. ಒಯ್ಯಬಹುದು. ಹಾರುವಾಗ ಅದು ಉಬ್ಬಿದರೆ, ಕೈಗೆ ಬಿಸಿ ಹತ್ತಿದರೆ ಹೊದಿಕೆಯಲ್ಲಿ ಸುತ್ತಿಡಬೇಡಿ, ಕೂಡಲೇ ಸಿಬ್ಬಂದಿಯನ್ನು ಕರೆಯಿರಿ.